ಬಲಗಾಲಿನ ಸಣ್ಣ ಎಲುಬು

ಬೆಂಕಿ ಆರುವಷ್ಟರಲ್ಲಿ ಬೆಳಗಿನ ಎಂಟಾಗಿತ್ತು. ಮರದ ಕುರ್ಚಿ, ಮೇಜು ಮಾಡುವ ಆ ಕಾರ್ಖಾನೆಯಲ್ಲಿ ಉಳಿದಿದ್ದು ನಾಲ್ಕು ಗೋಡೆ, ಒದ್ದೆ ಬೂದಿ. ಬಿದ್ದಿದ್ದ ತೊಲೆಯನ್ನು ಆರು ಜನ ಸೇರಿ ಎತ್ತಿದರು. ಕೆಳಗೊಂದು ಹೆಣವಿತ್ತು.

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದಳು. ಹದಿನೇಳು ವರ್ಷದ ನೌಕರಿಯಲ್ಲಿ ಸುಟ್ಟ ಹೆಣ ಹೊಸದಲ್ಲ. ಆದರೆ ಇದಕ್ಕೆ ಮುಖವೇ ಇರಲಿಲ್ಲ. ಗಲ್ಲ ಇರಬೇಕಾದ ಕಡೆ ಮೂಳೆಯ ಚೂರು, ನಡುವೆ ಲಾಳದಂತೆ ಬಾಗಿದ ಲೋಹದ ಪಟ್ಟಿ. ಪಟ್ಟಿಯ ತುಂಬ ಸಣ್ಣ ತೂತು.

ಕಾರ್ಖಾನೆಯ ಮಾಲೀಕನ ಹೆಂಡತಿ ಅದನ್ನು ನೋಡಿದ್ದೇ ಕುಸಿದು ಕೂತಳು.

"ನಮ್ಮ ಯಜಮಾನರ ದವಡೇದು."

ಮೂರು ವರ್ಷದ ಹಿಂದೆ ಗಡ್ಡೆಯಾಗಿ ಗಂಡನ ಕೆಳದವಡೆ ತೆಗೆದಿದ್ದರು, ಹೊಸದು ಕಟ್ಟಿ ಈ ಪಟ್ಟಿ ಕೂರಿಸಿದ್ದರು ಎಂದು ಬಿಕ್ಕುತ್ತಲೇ ಹೇಳಿದಳು.

*

ಅಪರಾಧಿಯನ್ನು ಹುಡುಕುವ ಕಷ್ಟವೇ ಬರಲಿಲ್ಲ. ಎರಡು ವರ್ಷದ ಹಿಂದೆ ಅದೇ ಕಾರ್ಖಾನೆಯ ಮಹಡಿ ಕುಸಿದು ಇಬ್ಬರು ಕೆಲಸಗಾರರು ಸತ್ತಿದ್ದರು. ಬಿರುಕು ಬಿಟ್ಟಿದೆ ಎಂದು ಹೇಳಿದರೂ ಮಾಲೀಕ ಕಿವಿಗೆ ಹಾಕಿಕೊಂಡಿರಲಿಲ್ಲ. ಅವನ ಮೇಲೆ ಕೇಸು ನಡೆಯುತ್ತಿತ್ತು. ಸತ್ತವರಲ್ಲಿ ಒಬ್ಬ, ಬಸ್ ನಿಲ್ದಾಣದ ಹತ್ತಿರದ ವೆಲ್ಡರ್‌ನ ತಮ್ಮ. ನಿನ್ನನ್ನು ಸುಡದೆ ಬಿಡಲ್ಲ ಎಂದು ವೆಲ್ಡರ್ ಕೋರ್ಟಿನ ಮೊಗಸಾಲೆಯಲ್ಲಿ ಮಾಲೀಕನಿಗೆ ಹೇಳಿದ್ದನ್ನು ಇಪ್ಪತ್ತು ಜನ ಕೇಳಿದ್ದರು. ಈಗ ಅವನ ಅಂಗೈಯಲ್ಲಿ ಹಸಿ ಸುಟ್ಟಗಾಯ ಬೇರೆ. ಕೆಲಸದಲ್ಲಾದದ್ದು ಎಂದ. ಯಾರೂ ನಂಬಲಿಲ್ಲ.

ಲಾಕಪ್ಪಿನಲ್ಲಿ ಅವನು ಒಂದೇ ಮಾತು ಹೇಳಿದ.

"ಅವನು ಜೈಲಿಗೆ ಹೋಗೋದನ್ನ ನೋಡ್ಬೇಕು ಅಂತ ಎರಡು ವರ್ಷ ಕಾದಿದೀನಿ ಮೇಡಂ. ತೀರ್ಪಿಗೆ ಹತ್ತೇ ದಿನ ಇತ್ತು. ಇನ್ನು ಹತ್ತು ದಿನ ಕಾಯೋಕೆ ಆಗ್ತಿರ್ಲಿಲ್ವಾ ನನಗೆ?"

ಮೇಲಧಿಕಾರಿ ಬೇಗ ಮುಗಿಸಿ ಎಂದರು. ಇನ್ಸ್‌ಪೆಕ್ಟರ್ ಹೂಂ ಎಂದಳು. ಆದರೆ ಆ ಮಾತು ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಉಳಿಯಿತು.

*

ಪಟ್ಟಿಯ ಮೇಲಿನ ನಂಬರು ತಾಳೆ ನೋಡಲೆಂದು ಅವಳು ಆಪರೇಷನ್ ಮಾಡಿದ ಡಾಕ್ಟರನ್ನು ಕಂಡಳು. ಅವರು ಹಳೆಯ ಫೈಲು ತೆಗೆಸಿದರು. ನಂಬರು ತಾಳೆಯಾಯಿತು. ಆದರೆ ಡಾಕ್ಟರು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ನಾನು ಹಾಕಿದ್ದೇ. ಆದ್ರೆ ಇದನ್ನ ತೆಗೆದೋನೂ ನಾನೇ. ಒಸಡು ಸೀಳಿ ಹೊರಗೆ ಬಂದಿತ್ತು, ಹೋದ ವರ್ಷ ಬಿಚ್ಚಿದೆ. ನೆನಪಿಗೆ ಬೇಕು ಅಂತ ಶೀಶೆಯಲ್ಲಿ ಹಾಕ್ಕೊಂಡು ಹೋದ."

ಹಾಗಾದರೆ ಶೀಶೆ ಕಾರ್ಖಾನೆಯಲ್ಲೇ ಇದ್ದಿರಬಹುದಲ್ಲ, ಹೆಣ ಅವನದೇ ಆಗಿರಬಹುದಲ್ಲ ಎಂದು ಅವಳು ಕೇಳಿದಳು.

"ಬಲಗಾಲು ನೋಡಿದ್ರಾ?"

ಅವಳಿಗೆ ಅರ್ಥವಾಗಲಿಲ್ಲ. ಡಾಕ್ಟರು ಬಿಡಿಸಿ ಹೇಳಿದರು. ಮೊಣಕಾಲಿನ ಕೆಳಗೆ ಎರಡು ಎಲುಬು. ಮೈಭಾರ ಹೊರುವುದು ದಪ್ಪದ್ದು. ಹೊರಮಗ್ಗುಲಿನ ಸಣ್ಣದನ್ನು ತೆಗೆದರೂ ಮನುಷ್ಯ ನಡೆಯುತ್ತಾನೆ. ಅದನ್ನೇ ಗೇಣುದ್ದಕ್ಕೆ ರಕ್ತನಾಳದ ಸಮೇತ ತೆಗೆದು, ಮೂರು ತುಂಡು ಮಾಡಿ, ದವಡೆಯ ಬಾಗಿಗೆ ಜೋಡಿಸಿದ್ದರು. ನಾಳವನ್ನು ಕುತ್ತಿಗೆಯ ನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿದಿದ್ದರು. ಹನ್ನೊಂದು ಗಂಟೆ ಹಿಡಿದಿತ್ತು.

ಅವಳು ಶವಪರೀಕ್ಷೆಯ ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು. ಎರಡು ಕಾಲು. ಎರಡರಲ್ಲೂ ಸಣ್ಣ ಎಲುಬು, ಮೊಣಕಾಲಿನಿಂದ ಪಾದದ ಹರಡಿನವರೆಗೆ, ಸುಟ್ಟು ಕರಕಾಗಿ, ಆದರೆ ಪೂರ್ತಿ.

"ಕಡಿದ ಎಲುಬು ಮತ್ತೆ ಬೆಳೆಯಲ್ಲ," ಎಂದರು ಡಾಕ್ಟರು.

ಹೊರಡುವಾಗ ಅವಳು ಇನ್ನೊಂದು ಕೇಳಿದಳು. ಅವನು ಊಟ ಹೇಗೆ ಮಾಡುತ್ತಿದ್ದ? ಹಲ್ಲು ಕೂರಿಸಿಕೊಳ್ಳಲು ಬರಲೇ ಇಲ್ಲ, ರುಬ್ಬಿದ್ದನ್ನೇ ಕುಡಿಯಬೇಕು ಎಂದರು.

*

ಮರುದಿನ ಮಧ್ಯಾಹ್ನ ಸಾಂತ್ವನ ಹೇಳುವ ನೆಪದಲ್ಲಿ ಮಾಲೀಕನ ಮನೆಗೆ ಹೋದಳು. ಹೆಂಡತಿಯ ತಟ್ಟೆಯಲ್ಲಿ ಅರ್ಧ ಕಡಿದ ಗಟ್ಟಿ ಬ್ರೆಡ್ಡು ಇತ್ತು. ಆಕೆಯ ಹಲ್ಲಿಗೆ ಏನೂ ಆಗಿರಲಿಲ್ಲ. ಆದರೂ ಮಿಕ್ಸಿಯ ಜಾರು ಆಗಷ್ಟೇ ತೊಳೆದು ಬೋರಲು ಹಾಕಿತ್ತು. ಪಕ್ಕದಲ್ಲಿ ಮುಚ್ಚಳ ಬಿಗಿದ ಫ್ಲಾಸ್ಕು. ಇನ್ಸ್‌ಪೆಕ್ಟರ್ ನೀರು ಕುಡಿದು ಎದ್ದಳು.

ಅರ್ಧ ಗಂಟೆಯಲ್ಲಿ ಫ್ಲಾಸ್ಕು ಸೆರಗಿನಡಿ ಹೊರಬಿತ್ತು. ಎರಡು ಬೀದಿ ದಾಟಿ, ಆಕೆಯ ಅಣ್ಣನ ಮುಚ್ಚಿದ ಟೈಲರ್ ಅಂಗಡಿಯ ಮಹಡಿ ಹತ್ತಿತು. ಹಿಂದೆಯೇ ಇನ್ಸ್‌ಪೆಕ್ಟರ್, ಇಬ್ಬರು ಪೇದೆಗಳು.

ಬಟ್ಟೆಯ ಥಾನುಗಳ ನಡುವೆ ಒಬ್ಬ ಮಫ್ಲರ್ ಸುತ್ತಿಕೊಂಡು ಕೂತಿದ್ದ. ತಾನು ಇಲ್ಲಿ ಗುಂಡಿ ಹಾಕುವವನು ಎಂದು ತೊದಲಿದ.

"ಬಲಗಾಲಿನ ಪ್ಯಾಂಟು ಮೇಲೆತ್ತಿ."

ಎತ್ತಲಿಲ್ಲ. ಪೇದೆ ಎತ್ತಿದ. ಮೊಣಕಾಲಿನ ಕೆಳಗಿನಿಂದ ಹರಡಿನ ಮೇಲಿನವರೆಗೆ ಉದ್ದನೆಯ ಹೊಲಿಗೆಯ ಗುರುತು.

ಇನ್ಸ್‌ಪೆಕ್ಟರ್ ಒಂದೊಂದಾಗಿ ಎದುರಿಗಿಟ್ಟಳು. ಪಟ್ಟಿ ಶೀಶೆಯಲ್ಲಿತ್ತು, ಬಾಯಲ್ಲಲ್ಲ. ಹೆಣದ ಕಾಲಿನ ಎಲುಬು ಪೂರ್ತಿಯಿತ್ತು. ಮಹಡಿ ಕುಸಿದ ಕೇಸಿನ ಆರೋಪಿ ಸತ್ತರೆ ಅವನ ಕೇಸೂ ಅಲ್ಲಿಗೇ ಮುಗಿಯುತ್ತದೆ. ಬೆದರಿಸಿದವನು ಒಬ್ಬ ಹೇಗೂ ಇದ್ದ, ಅನುಮಾನ ತಾನಾಗಿಯೇ ಅವನ ಕೊರಳಿಗೆ ಬಿತ್ತು.

ಹೆಂಡತಿ ಫ್ಲಾಸ್ಕು ನೆಲಕ್ಕಿಟ್ಟು ಮುಖ ಮುಚ್ಚಿಕೊಂಡಳು. ಮಾಲೀಕ ಬಾಯಿಬಿಟ್ಟ. ಸತ್ತವನು ಗರಗಸ ಮಸೆಯುವವನು. ಊರೂರು ತಿರುಗುತ್ತ ಬಂದಾಗ ಕಾರ್ಖಾನೆಯಲ್ಲೇ ಮಲಗುತ್ತಿದ್ದ. ಮಲಗಿದ್ದವನ ತಲೆಗೆ ಹೊಡೆದು, ಸುತ್ತಿಗೆಯಿಂದ ದವಡೆ ಪುಡಿ ಮಾಡಿ, ಪಟ್ಟಿ ಇಟ್ಟು, ಪಾಲಿಶ್ ಎಣ್ಣೆ ಸುರಿದಿದ್ದ.

"ಅವನಿಗೆ ಹಿಂದಿಲ್ಲ ಮುಂದಿಲ್ಲ ಮೇಡಂ. ಯಾರೂ ಕೇಳೋರಿರಲಿಲ್ಲ."

*

ಸಂಜೆ ಅವಳೇ ಲಾಕಪ್ಪಿನ ಬೀಗ ತೆಗೆದಳು. ವೆಲ್ಡರ್ ಎದ್ದು ನಿಂತು ಎಲ್ಲ ಕೇಳಿಸಿಕೊಂಡ. ಸತ್ತವನು ಯಾರೆಂದು ತಿಳಿದಾಗ ಮತ್ತೆ ಬೆಂಚಿನ ಮೇಲೆ ಕೂತ.

"ಯಾರೂ ಇಲ್ಲ ಅಂತ ಯಾರು ಹೇಳಿದ್ದು? ಮಗಳಿದಾಳೆ. ನದಿ ಆಚೆ ಊರಲ್ಲಿ ಓದ್ತಿದಾಳೆ. ನನ್ನ ಅಂಗಡಿ ಫೋನಿಂದಾನೇ ಮಾತಾಡ್ತಿದ್ದ."

ಇನ್ಸ್‌ಪೆಕ್ಟರ್ ಟೋಪಿ ಹಾಕಿಕೊಂಡಳು. ದಾರಿ ಹೇಳಿದರೆ ಸಾಕು, ತಾನು ಹೋಗುತ್ತೇನೆ ಎಂದಳು.

"ನಾನೂ ಬರ್ತೀನಿ," ಎಂದ ವೆಲ್ಡರ್. "ತಮ್ಮ ಸತ್ತಾಗ ನಮ್ಮಮ್ಮನಿಗೆ ಸುದ್ದಿ ಹೇಳೋಕೆ ಪೊಲೀಸ್ನೋರು ಮಾತ್ರ ಬಂದಿದ್ರು, ಗುರುತಿನೋರು ಯಾರೂ ಇರ್ಲಿಲ್ಲ."