ಒಂದೇ ಕಣ್ಣಿನ ಶರಭ

ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊಳಲಾವತಿ ಎಂಬ ರಾಜ್ಯವಿತ್ತು. ಅದರ ಕೋಟೆಗೆ ಕಾವಲುಗಾರರಿರಲಿಲ್ಲ. ಬಾಗಿಲ ಮೇಲಿನ ಗೋಡೆಗೆ ಬರೆದ ಎಂಟು ಕಾಲಿನ ಶರಭವೇ ಕಾವಲು. ಕೇಡು ಬಂದರೆ ಅದು ಗೋಡೆಯಿಂದ ಇಳಿದು ಹೋರಾಡಿ, ಮತ್ತೆ ಗೋಡೆಗೆ ಹೋಗಿ ಅಂಟಿಕೊಳ್ಳುತ್ತಿತ್ತು.

ವರ್ಷಕ್ಕೊಮ್ಮೆ ಚಿತ್ರಗಾರ ಕಾಳೋಜ ಅದನ್ನು ಒರೆಸಿ ಹೊಸದಾಗಿ ಬರೆಯುತ್ತಿದ್ದ. ಕಣ್ಣು ಕೊನೆಗೆ. ಒಂದೊಂದು ಕಣ್ಣಿಗೂ ಒಂದೇ ಉಸಿರು, ಒಂದೇ ಗೆರೆ, ತಿದ್ದುವಂತಿಲ್ಲ. ಅದಕ್ಕಾಗಿ ಅವನ ಮಗಳು ಮಾಕವ್ವೆ ಚಿಕ್ಕಂದಿನಿಂದ ಮರಳಿನ ಮೇಲೆ ದಿನಕ್ಕೆ ಸಾವಿರ ಗೆರೆ ಎಳೆಯುತ್ತಿದ್ದಳು. ಎಳೆದೂ ಎಳೆದೂ ಬೇಸತ್ತಿದ್ದಳು.

ಆಗ ಧೂಮಕಂಠನೆಂಬ ಮಾಂತ್ರಿಕ ಬಂದು ಆಸ್ಥಾನದಲ್ಲಿ ಬರಿಯ ಚೌಕಟ್ಟೊಂದನ್ನು ತೂಗುಹಾಕಿದ. ಒಳಗೆ ಏನೂ ಇಲ್ಲ. ನೋಡಿದವರಿಗೆ ಅವರವರು ಬಯಸಿದ್ದು ಕಾಣುತ್ತಿತ್ತು. ರಾಜನಿಗೆ ತೀರಿಕೊಂಡ ರಾಣಿ ಕಂಡಳು. ಮಾಕವ್ವೆಗೆ ತಾನು ಬರೆಯಬೇಕೆಂದಿದ್ದ ಚಿತ್ರಗಳೆಲ್ಲ ಒಂದೂ ಗೆರೆ ಎಳೆಯದೆಯೇ ಕಂಡವು. ಕೈ ಕೆಸರಾಗದೆ ಬಾಯಿ ಮೊಸರಾಗುವುದಾದರೆ ಯಾರು ಬೇಡವೆಂದಾರು? ಅವಳು ಅವನ ಶಿಷ್ಯೆಯಾದಳು. ಚಿತ್ರವೆಂದರೆ ಭಾವ, ಕೈ ಬರೀ ಕೂಲಿಯಾಳು ಎಂದು ಅವನು ಹೇಳಿಕೊಟ್ಟ. ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ.

ಅಪ್ಪ ಬಯ್ಯಲಿಲ್ಲ. "ಭಾವ ಬೇಡ ಅನ್ನೋದಿಲ್ಲ ಮಗಳೆ. ಅದು ಬಂದು ಕೂರೋಕೆ ಒಂದು ಕೈ ಬೇಕಲ್ಲ" ಎಂದಷ್ಟೇ ಹೇಳಿದ.

ಹನ್ನೆರಡು ವರ್ಷ ಕಳೆಯಿತು. ಆ ವರ್ಷ ಕಾಳೋಜ ಶರಭದ ಮೈಯನ್ನೆಲ್ಲ ಬರೆದು, ಕಣ್ಣು ಬರೆಯುವ ಮುನ್ನವೇ ಹಾಸಿಗೆ ಹಿಡಿದ. ಮಗಳಿಗೆ ಹೇಳಿಕಳಿಸಿದ. ಅವಳು ಹೊಸ ಚೌಕಟ್ಟು ತೂಗುಹಾಕಿಸುತ್ತಿದ್ದಳು, ನಾಳೆ ಬರುತ್ತೇನೆಂದಳು. ಮಾರನೆಯ ದಿನ ಹೋದಾಗ ಅಪ್ಪ ಇರಲಿಲ್ಲ. ತಲೆದಿಂಬಿನ ಬಳಿ ಅವನ ಅಳಿಲುಕೂದಲಿನ ಕುಂಚ ತೊಳೆದು ಇಟ್ಟಿತ್ತು.

ಶರಭ ಕುರುಡಾಗುವುದನ್ನೇ ಕಾಯುತ್ತಿದ್ದ ಧೂಮಕಂಠ ಅಂದೇ ನಿಜರೂಪ ತೋರಿಸಿದ. ಚೌಕಟ್ಟುಗಳು ನೋಡುವವರನ್ನು ನುಂಗತೊಡಗಿದವು. ರಾಜ ತನ್ನ ರಾಣಿಯ ಹಿಂದೆ ಒಳಗೆ ಹೋದ. ಅರ್ಧ ಊರು ಅವನ ಹಿಂದೆ ಹೋಯಿತು.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ ಮಾಕವ್ವೆ ಕೋಟೆಬಾಗಿಲಿಗೆ ಓಡಿದಳು. ಮೊದಲು ಶರಭದ ಕಣ್ಣನ್ನು ಮನಸ್ಸಿನಲ್ಲೇ ನೆನೆದಳು. ಶರಭ ಅಲುಗಲಿಲ್ಲ. ಎರಡನೆಯ ಸಲ ಕಣ್ಣಿನ ಜಾಗಕ್ಕೆ ಪುಟ್ಟ ಚೌಕಟ್ಟು ಹಿಡಿದಳು. ಶರಭ ಏನೋ ಕನಸು ಕಂಡು ಗೊರಕೆ ಹೊಡೆಯಿತು. ಮೂರನೆಯ ಸಲ ಅಪ್ಪನ ಕುಂಚ ಹಿಡಿದು ಏಣಿ ಹತ್ತಿದಳು. ಉಸಿರು ಬಿಗಿಹಿಡಿದು ಬಲಗಣ್ಣು ಬರೆದಳು. ಚಿಕ್ಕಂದಿನ ಗೆರೆಗಳು ಅಷ್ಟನ್ನು ಉಳಿಸಿಕೊಟ್ಟಿದ್ದವು. ಎಡಗಣ್ಣಿಗೆ, ಹನ್ನೆರಡು ವರ್ಷ ಗೆರೆ ಎಳೆಯದ ಕೈ ತಪ್ಪಿತು. ಗೆರೆ ಸೊಟ್ಟಗಾಯಿತು.

ಶರಭ ಒಂದೇ ಕಣ್ಣಲ್ಲಿ ಎದ್ದಿತು. ಎಡಗಡೆಯಿಂದ ಬಂದ ಏಟು ಅದಕ್ಕೆ ಕಾಣಲಿಲ್ಲ, ಭುಜ ಸೀಳಿತು. ಆದರೂ ಮಾಂತ್ರಿಕನನ್ನು ಹಿಡಿದು ತುಳಿಯಿತು. ಅವನು ಹೊಗೆಯಾಗಿ ಹೋದ. ಚೌಕಟ್ಟುಗಳು ಮುರಿದವು. ರಾಜನೂ ಜನರೂ ಹೊರಬಂದರು, ಸುಖವಾಗಿ ಬಾಳಿದರು.

ಅವರೆಲ್ಲ ಕೋಟೆಬಾಗಿಲಿಗೆ ಬಂದು, ಮತ್ತೆ ಗೋಡೆಗೆ ಅಂಟಿಕೊಂಡಿದ್ದ ಶರಭವನ್ನು ಕತ್ತೆತ್ತಿ ನೋಡುತ್ತಿದ್ದರು. ಒಂದು ಕಣ್ಣು ಹೊರಗನ್ನು ನೋಡುತ್ತದೆ, ಇನ್ನೊಂದು ಒಳಗನ್ನು, ಎಂಥ ಗಹನವಾದ ಭಾವ ಎಂದು ಮಾಕವ್ವೆಯನ್ನು ಹೊಗಳುತ್ತಿದ್ದರು.

"ಭಾವವೂ ಇಲ್ಲ, ಏನೂ ಇಲ್ಲ. ಅದು ನನ್ನ ಕೈಯ ತಪ್ಪು" ಎಂದು ಅವಳು ಪ್ರತಿಯೊಬ್ಬರಿಗೂ ಹೇಳಿದಳು. ಯಾರೂ ನಂಬಲಿಲ್ಲ.

ಅವಳು ಮನೆಗೆ ಹೋಗಿ ಮರಳು ಹರಡಿ ಸಾವಿರ ಗೆರೆ ಎಳೆದಳು. ಯಾವುದು ಸರಿ ಬಂತು ಎಂದು ಹೇಳಲು ಅಪ್ಪ ಇರಲಿಲ್ಲ.