ಕೂಗದ ಹಾರ್ನ್

ಮಂಗಳವಾರ ಸಂಜೆ ಐದಕ್ಕೆ ಠಾಣೆಗೆ ಬಂದ ಹೆಂಗಸು ಕೂರಲಿಲ್ಲ. ಕಾರ್ಖಾನೆಯ ಗೋದಾಮಿನಲ್ಲಿ ಲೋಡರ್ ಆಗಿದ್ದ ಅವಳ ಗಂಡ, ಹಿಂದಕ್ಕೆ ಬಂದ ಫೋರ್ಕ್‌ಲಿಫ್ಟ್‌ಗೂ ಗೋಡೆಗೂ ನಡುವೆ ಸಿಕ್ಕಿ ಅಂದು ಮಧ್ಯಾಹ್ನ ತೀರಿಕೊಂಡಿದ್ದ.

“ಡ್ರೈವರ್ ಮೇಲೆ ಬರ್ಕೊಳ್ಳಿ,” ಎಂದಳು.

ನಿರ್ಲಕ್ಷ್ಯದ ಚಾಲನೆಯಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು.

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಜೊತೆ ಗೋದಾಮಿಗೆ ಹೋದರು. ನೆಲವನ್ನು ಯಾರೋ ಆಗಲೇ ತೊಳೆದಿದ್ದರು. ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ಶುರುಮಾಡಿದರು. ಕಾರ್ಖಾನೆಯ ಮೆಕ್ಯಾನಿಕ್ ಆ ಗಾಡಿಯನ್ನು ರಿವರ್ಸ್ ತೆಗೆದ. ಹಿಂದಕ್ಕೆ ಬರುವಾಗ ತಾನಾಗಿ ಕೂಗಬೇಕಿದ್ದ ಎಚ್ಚರಿಕೆಯ ಹಾರ್ನ್ ಕೂಗಲಿಲ್ಲ. ಅದರ ವೈರ್ ಕಿತ್ತುಹೋಗಿರಲಿಲ್ಲ, ಯಾರೋ ಕತ್ತರಿಸಿದ್ದರು.

ಡ್ರೈವರ್ ಕಣ್ಣು ಊದಿಸಿಕೊಂಡು ನಿಂತಿದ್ದ.

“ಹಾರ್ನ್ ಯಾವಾಗ ನಿಂತುಹೋಯ್ತು?”

“ನಿನ್ನೆ ಬೆಳಿಗ್ಗೆ ಕೂಗ್ತಿತ್ತು ಸಾರ್. ಊಟ ಮುಗಿಸಿ ಬಂದ್ಮೇಲೆ ಕೂಗ್ಲಿಲ್ಲ.”

“ಗಾಡಿ ನಿಲ್ಲಿಸಬೇಕಿತ್ತಲ್ಲ?”

“ಲಾರಿ ಕಾಯ್ತಿತ್ತು. ಒಂದು ಲೋಡ್ ಹಾಕ್ಬಿಟ್ಟು ಹೇಳೋಣ ಅಂತ...”

“ಊಟದ ಹೊತ್ತಲ್ಲಿ ಗಾಡಿ ಎಲ್ಲಿತ್ತು?”

“ಪ್ಯಾಕಿಂಗ್ ಮೇಜಿನ ಪಕ್ಕ, ಚಾರ್ಜಿಗೆ. ಅಲ್ಲಿ ಅಕ್ಕ ಒಬ್ರೇ ಇರ್ತಾರೆ. ಕ್ಯಾಂಟೀನಿಗೆ ಬರಲ್ಲ.”

ಎಲ್ಲರೂ ಅಕ್ಕ ಎನ್ನುತ್ತಿದ್ದ ಪ್ಯಾಕಿಂಗ್ ಹೆಂಗಸು ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದಳು. ಪಕ್ಕದಲ್ಲಿದ್ದ ಕತ್ತರಿಯ ಅಲಗಿಗೆ ಕೆಂಪು ಪ್ಲಾಸ್ಟಿಕ್ ಚೂರು ಅಂಟಿತ್ತು. ಹಾರ್ನಿನ ವೈರೂ ಕೆಂಪೇ.

“ಕತ್ತರಿ ಯಾರದ್ದಮ್ಮ?”

“ನಂದೇ. ವೈರ್ ಕತ್ತರಿಸಿದ್ದೂ ನಾನೇ.” ಅವಳ ಕೈ ಟೇಪು ಎಳೆಯುವುದನ್ನು ನಿಲ್ಲಿಸಲಿಲ್ಲ.

“ಯಾಕೆ?”

“ನಮ್ಮನೆಯವರೂ ಇಲ್ಲೇ, ಹೀಗೇ ಹೋದ್ರು. ಆಗ ಗಾಡೀಗೆ ಹಾರ್ನ್ ಇರ್ಲಿಲ್ಲ. ಅವರು ಹೋದ್ಮೇಲೆ ಹಾಕಿಸಿದ್ರು. ಈಗ ದಿನಪೂರ್ತಿ ಕೂಗತ್ತೆ. ಕೂಗಿದಾಗೆಲ್ಲ, ಅವತ್ತೇ ಇದ್ದಿದ್ರೆ ಅನ್ಸತ್ತೆ. ಒಂದಿನ ಸುಮ್ನಿರ್ಲಿ ಅಂದ್ಕೊಂಡೆ.”

“ನನ್ನ ಬೇರೆ ಕಡೆ ಕೆಲಸಕ್ಕೆ ಹಾಕಿ ಅಂತ ಕೇಳ್ಬೇಕಿತ್ತು.”

“ಕೇಳ್ದೆ. ನಿಮ್ಮವರಿಂದ್ಲೇ ನಾಲ್ಕು ಜೀವ ಉಳೀತಿದೆ, ಸಮಾಧಾನ ಪಟ್ಕೊಳ್ಳಿ ಅಂದ್ರು ಮ್ಯಾನೇಜರ್.”

ಇನ್‌ಸ್ಪೆಕ್ಟರ್ ಕತ್ತರಿಯನ್ನು ಜಪ್ತಿ ಮಾಡಿ ಸೀಲು ಹಾಕಿದರು. ಗಾಡಿ ನಿಲ್ಲಿಸದ ಡ್ರೈವರ್ ಮೇಲಿನ ಕೇಸು ಹಾಗೆಯೇ ಉಳಿಯಿತು. ಮ್ಯಾನೇಜರನ್ನು ಹೇಳಿಕೆ ಕೊಡಲು ಠಾಣೆಗೆ ಕರೆದರು. ಹನ್ನೆರಡು ಗಂಟೆಗೆ ಅಕ್ಕನ ದಸ್ತಗಿರಿಯಾಯಿತು.

“ಬಂಧಿಸಿದ್ದೀವಿ ಅಂತ ಯಾರಿಗೆ ತಿಳಿಸ್ಲಿ?” ಮಹಿಳಾ ಕಾನ್‌ಸ್ಟೇಬಲ್ ಕೇಳಿದಳು.

“ಮನೇಲಿ ಯಾರೂ ಇಲ್ಲ.” ಅಕ್ಕ ಹೇಳಿದಳು, “ಆ ಲೋಡರ್ ಹೆಂಡ್ತಿಗೆ ಹೇಳಿ. ನಮ್ಮನೆಯವರು ಹೋದಾಗ ನನಗೆ ತಿಂಗಳುಗಟ್ಟಲೆ ತುತ್ತು ತಿನ್ನಿಸಿದ್ದು ಅವಳೇ.”

ಕಾನ್‌ಸ್ಟೇಬಲ್ ಇನ್‌ಸ್ಪೆಕ್ಟರ್ ಮುಖ ನೋಡಿದಳು. ಅವರು ಟೋಪಿ ಹಾಕಿಕೊಂಡು, “ನಾನೇ ಹೋಗಿ ಹೇಳ್ತೀನಿ,” ಎಂದರು.