ಬಿಟ್ಟುಹೋದ ಮೊದಲ ಹಂತ

'ಹಸುವಿನ ಅಭ್ಯಾಸವಿಲ್ಲದವರ ಕೈಗೆ ಈ ಕೈಪಿಡಿ ಕೊಡುವುದು ಅಪಾಯ.'

ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಸಿರಿ ಸ್ಪರ್ಧೆಯ ಫಲಿತಾಂಶದಲ್ಲಿದ್ದ ಆ ಸಾಲನ್ನು ಫೋನಿನಲ್ಲಿ ಮತ್ತೆ ಮತ್ತೆ ಓದಿದಳು. ಓದಿದಷ್ಟೂ ಮೈ ಉರಿಯಿತು. ಅಪಾಯವಂತೆ! ಮಾದಿಹಳ್ಳಿಯ ಕೊಟ್ಟಿಗೆಯಲ್ಲೇ ಆಡಿ ಬೆಳೆದವಳು, ಬೇಲೂರಿನಲ್ಲಿ ಹಾಲು ಕರೆಯುವ ಯಂತ್ರ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವವಳು ಬರೆದದ್ದು ಅಪಾಯವಂತೆ.

ಆ ಯಂತ್ರದ ಜೊತೆ ಕಂಪನಿಯವರು ಕೊಡುವ ಪುಸ್ತಕವನ್ನು ಇವರೆಲ್ಲ ಒಮ್ಮೆ ಓದಬೇಕಿತ್ತು. ಅದರಲ್ಲಿ ಕನ್ನಡದ ಅಕ್ಷರಗಳಿವೆ, ಕನ್ನಡ ಇಲ್ಲ. ತಲೆಬುಡ ತಿಳಿಯದೆ ಊರಿನ ಹೆಂಗಸರು ಯಂತ್ರವನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ದರು. ಅವರಿಗಾಗಿಯೇ ಸಿರಿ ಕೈಪಿಡಿಯನ್ನು ಹೊಸದಾಗಿ ಬರೆದಳು. ಅರಸೀಕೆರೆಯ ತಾಂತ್ರಿಕ ಬರಹಗಾರರ ಕೂಟ ಸ್ಪರ್ಧೆ ಇಟ್ಟಾಗ ಅದನ್ನೇ ಕಳಿಸಿದಳು. ಗೆದ್ದ ಕೈಪಿಡಿಯನ್ನು ಕೂಟವೇ ಅಚ್ಚು ಹಾಕಿಸಿ ಹಳ್ಳಿಗಳಿಗೆ ಹಂಚುತ್ತದೆ.

ಗೆದ್ದದ್ದು ಯಾವುದು? ತೆಂಗಿನಕಾಯಿ ಸುಲಿಯುವ ಯಂತ್ರದ್ದು! ಅರಸೀಕೆರೆಯವರಿಗೆ ಪ್ರಪಂಚದಲ್ಲಿ ತೆಂಗಿನಕಾಯಿ ಬಿಟ್ಟು ಬೇರೇನೂ ಕಾಣುವುದಿಲ್ಲವೇ?

ಬಹುಮಾನ ಹಾಳಾಗಿಹೋಗಲಿ. ಅವಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಕೆಳಗಿದ್ದ ತೀರ್ಪುಗಾರರ ಹೆಸರು ನೋಡಿ. ಉಷಾರಾಣಿ, ಷಡಕ್ಷರಪ್ಪ, ಇಂದುಧರ.

ಇಂದುಧರ!

ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯ ಮಗ, ಪಂಪ್ ಕಂಪನಿಯೊಂದಕ್ಕೆ ಕೈಪಿಡಿ ಬರೆಯುವವನು. ಹೋದ ವರ್ಷ ಕೂಟದ ಕಾರ್ಯಾಗಾರದಲ್ಲಿ ಪರಿಚಯವಾಗಿದ್ದ. ಆಮೇಲೆ ಭಾನುವಾರ ಬಂತೆಂದರೆ ಅವನು ಅಲ್ಲಿಂದ, ಇವಳು ಇಲ್ಲಿಂದ ಹಳೇಬೀಡಿಗೆ ಬರುವುದು, ಗುಡಿಯೆದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಒಬ್ಬರ ಬರಹ ಒಬ್ಬರು ಓದುವುದು.

"ಈ ಸಾಲು ಉದ್ದ ಆಯ್ತು ರೀ. ಓದೋಷ್ಟರಲ್ಲಿ ಮೋಟರ್ ಸುಟ್ಟುಹೋಗುತ್ತೆ," ಎನ್ನುತ್ತಿದ್ದ ಅವನು.

"ನಿಮ್ಮ ಸಾಲು ಇಷ್ಟು ಚಿಕ್ಕದು, ಮೋಟರ್ ಶುರುವೇ ಆಗಲ್ಲ," ಎನ್ನುತ್ತಿದ್ದಳು ಇವಳು.

ಒಂದು ಸಾಲು ನಿಜಕ್ಕೂ ಹಿಡಿಸಿದರೆ ಅವನು ಏನೂ ಹೇಳುತ್ತಿರಲಿಲ್ಲ. ಎಡಗಡೆಯ ಹುಬ್ಬು ಮಾತ್ರ ಚೂರೇ ಚೂರು ಮೇಲೇರುತ್ತಿತ್ತು. ಸುಳ್ಳೇಕೆ, ಸಿರಿ ಬರೆಯುತ್ತಿದ್ದದ್ದು ಆ ಹುಬ್ಬಿಗಾಗಿ.

ಎರಡು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಮೆಸೇಜ್ ಬಂತು. 'ಸ್ವಲ್ಪ ದಿನ ಬರೋಕಾಗಲ್ಲ. ಕಾರಣ ಆಮೇಲೆ ಹೇಳ್ತೀನಿ.' ಅಷ್ಟೇ. ಅವಳು ಒಂದು ಭಾನುವಾರ ಒಬ್ಬಳೇ ಹೋಗಿ ಕಾಫಿ ಕುಡಿದು, ಅರ್ಧಕ್ಕೇ ಬಿಟ್ಟು ಬಂದಿದ್ದಳು.

ಸ್ಪರ್ಧೆಗೆ ಕಳಿಸಿದ ಬರಹಗಳ ಮೇಲೆ ಹೆಸರು ಇರುವುದಿಲ್ಲ, ನಂಬರ್ ಮಾತ್ರ. ಆದರೆ ವರ್ಷವಿಡೀ ಅವಳ ಸಾಲುಗಳನ್ನು ಓದಿದವನಿಗೆ ಗುರುತು ಸಿಗದೆ ಇರುತ್ತದೆಯೇ? ಸಿಕ್ಕಿರುತ್ತದೆ. ತಾನು ಬಲು ನಿಷ್ಪಕ್ಷಪಾತಿ ಎಂದು ತೋರಿಸಿಕೊಳ್ಳಲು ಬೇಕೆಂದೇ ತುಳಿದಿದ್ದಾನೆ. ತನ್ನನ್ನು ಓದಿ ಅರ್ಥ ಮಾಡಿಕೊಳ್ಳುತ್ತಾನೆಂದು ಅವಳು ನಂಬಿದ್ದ ಒಬ್ಬನೇ ಒಬ್ಬ ಮನುಷ್ಯ ಅವನು. ಅದನ್ನು ನೆನೆದಾಗ ಸಿಟ್ಟಿನ ಅಡಿಯಲ್ಲೆಲ್ಲೋ ಅಳು ಬಂತು. ಅಳುವುದಕ್ಕೆ ಮೊದಲು ಹಳೇಬೀಡಿನ ಬಸ್ ಬಂತು.

ಹಳೇಬೀಡಿನ ಸಮುದಾಯ ಭವನದಲ್ಲಿ ಕೂಟದವರು ಬಹುಮಾನ ಹಂಚಿ ಮುಗಿದಿತ್ತು. ಜನ ಕೇಸರಿಬಾತ್ ತಟ್ಟೆ ಹಿಡಿದು ನಿಂತಿದ್ದರು. ಇಂದುಧರ ಹಿಂದೆ ಕಂಬಕ್ಕೆ ಒರಗಿದ್ದ. ಅವಳನ್ನು ಕಂಡವನೇ ಎರಡು ಹೆಜ್ಜೆ ಮುಂದೆ ಬರಲು ಹೋಗಿ ಮುಖ ಕಿವುಚಿ ಮತ್ತೆ ಕಂಬ ಹಿಡಿದುಕೊಂಡ. ಬಚ್ಚಿಟ್ಟುಕೊಳ್ಳುತ್ತಾನೆ ನೋಡು ಎಂದುಕೊಂಡಳು ಸಿರಿ.

"ಅಪಾಯ ಅಂತ ಬರೆಯೋಕೆ ಕೈ ಹೇಗೆ ಬಂತು ರೀ?"

"ಸಿರಿ, ಒಂದು ನಿಮಿಷ..."

"ಎರಡು ತಿಂಗಳಿಂದ ನಿಮಗೆ ಒಂದು ನಿಮಿಷ ಇರ್ಲಿಲ್ಲ. ಈಗೆಲ್ಲಿಂದ ಬಂತು? ಜನ್ಮದಲ್ಲಿ ಹಸು ಮುಟ್ಟಿದೀರಾ ನೀವು? ಕೊಬ್ಬರಿ ತೂಗೋರಿಗೆ ಕೆಚ್ಚಲಿನ ವಿಷಯ ಏನು ಗೊತ್ತು?"

ಸುತ್ತಲಿನವರ ಚಮಚಗಳು ನಿಂತವು. ಅವನು ಬಾಯಿ ತೆರೆಯುವ ಮೊದಲೇ ತೀರ್ಪುಗಾರರ ಹಿರಿಯೆ, ಕಾಲೇಜಿನ ಮೇಡಂ ಉಷಾರಾಣಿ ಮುಂದೆ ಬಂದರು.

"ಬೈಯೋದಾದ್ರೆ ನನ್ನನ್ನ ಬೈಯಮ್ಮ. ಆ ಸಾಲು ಬರೆದವಳು ನಾನು. ನಿನ್ನ ಕೈಪಿಡಿಗೆ ಇವರು ಒಂದು ಮಾರ್ಕೂ ಹಾಕಿಲ್ಲ."

"ಯಾಕೆ? ಓದೋಕೂ ಯೋಗ್ಯ ಅಲ್ವಾ?"

"ಮೂರನೇ ಪುಟಕ್ಕೇ ಎದ್ದು ನಿಂತು, 'ಇದು ಯಾರದ್ದು ಅಂತ ನನಗೆ ಗೊತ್ತಾಯ್ತು, ನಾನು ತೀರ್ಪು ಕೊಡೋ ಹಾಗಿಲ್ಲ' ಅಂದ್ರು. ಪರಿಚಯದವರದು ಅಂದ ಮಾತ್ರಕ್ಕೆ ಬಿಡೋಕಾಗುತ್ತಾ? ಗಟ್ಟಿ ಕಾರಣ ಹೇಳಿ ಅಂದೆ. ಹೇಳಿದ್ರು. ನಾನೂ ಷಡಕ್ಷರಪ್ಪನೋರೂ ಒಪ್ಕೊಂಡ್ವಿ."

ಸಿರಿ ಇಂದುಧರನನ್ನು ನೋಡಿದಳು. ಅವನ ಕಿವಿ ಕೆಂಪಾಗಿತ್ತು.

ಸ್ಪರ್ಧೆಯ ಪದ್ಧತಿಯೊಂದಿತ್ತು. ಕೈಪಿಡಿಯನ್ನು ಓದಿದರೆ ಸಾಲದು, ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಬರೆದಂತೆಯೇ ಮಾಡಿಸಿ ನೋಡಬೇಕು. ತೀರ್ಪಿನಿಂದ ಹೊರಗುಳಿದ ಇಂದುಧರನಷ್ಟು ಹಸುವಿನ ವಿಷಯ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಜಾವಗಲ್ಲಿನಲ್ಲಿರುವ ಇನ್ನೊಬ್ಬ ತೀರ್ಪುಗಾರ ಷಡಕ್ಷರಪ್ಪನವರ ಕೊಟ್ಟಿಗೆಗೇ ಅವನನ್ನು ಕರೆದೊಯ್ದಿದ್ದರು.

"ನಮ್ಮ ಗೌರಿ ಸಾಧು ಐತೆ ಕಣಮ್ಮ," ಎಂದರು ಷಡಕ್ಷರಪ್ಪ ಹತ್ತಿರ ಬಂದು. "ಈವಯ್ಯ ಪುಸ್ತಕ ಹಿಡ್ಕಂಡು, ಹಿಂದ್ಗಡೆಯಿಂದ ಹೋಗಿ, ಅದರಾಗೆ ಬರ್ದಂಗೆ ಸೀದಾ ಕೆಚ್ಚಲಿಗೆ ಕೈ ಹಾಕಿದ್ರೆ ಅದಾದ್ರೂ ಏನ್ ಮಾಡಾದು? ಬಿಟ್ತು ನೋಡು ಒಂದು, ತೊಡೆಗೆ!"

"ಹಿಂದಿನಿಂದ ಯಾರು ಹೋಗ್ತಾರೆ ರೀ?" ಸಿರಿಯ ದನಿ ಏರಿತು. "ಮೊದಲು ಹೆಸರು ಹಿಡಿದು ಕರೆದು, ಬೆನ್ನು ಸವರಿ, ಮಾತಾಡಿಸಿ ಆಮೇಲಲ್ವಾ ಕೂರೋದು? ಅದೂ ಬರೀಬೇಕಾ?"

"ನನ್ನಂಥೋನಿಗೆ ಬರೀಬೇಕು," ಎಂದ ಇಂದುಧರ ಮೆಲ್ಲಗೆ. "ನಮ್ಮನೇಲಿ ಇರೋದು ತೆಂಗಿನಕಾಯಿ. ಅದು ಒದೆಯಲ್ಲ."

ಸುತ್ತಲಿದ್ದವರು ನಕ್ಕರು. ಸಿರಿಗೆ ನಗು ಬರಲಿಲ್ಲ. ಮಾದಿಹಳ್ಳಿಯಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತಿರುವ ಮಾತು ಅದು. ಅದಕ್ಕೇ ಅವಳು ಬರೆದಿರಲಿಲ್ಲ. ತಪ್ಪು ತನ್ನದೇ ಎಂದು ತಿಳಿದು ಅವಳ ಸಿಟ್ಟಿಗೆ ನಿಲ್ಲಲು ಜಾಗ ಇಲ್ಲದಂತಾಯಿತು. ಅಷ್ಟರಲ್ಲಿ ಇನ್ನೊಂದು ಜಾಗ ಸಿಕ್ಕಿತು.

"ಹೊರಗೆ ಬನ್ನಿ," ಎಂದಳು.

ಅವನು ಕುಂಟುತ್ತ ಬಂದ. ಕೆರೆಯ ಕಡೆಯ ಗಾಳಿ ಬೀಸುತ್ತಿತ್ತು. ಕಟ್ಟೆಯ ಮೇಲೆ ಕೂರಲು ಅವನು ಪಡುತ್ತಿದ್ದ ಪಾಡು ನೋಡಲಾಗದೆ ಅವಳು ತೋಳು ಹಿಡಿದು ಕೂರಿಸಿದಳು. ಸಿಟ್ಟಿನಿಂದಲೇ ಕೂರಿಸಿದಳು.

"ಕೈಪಿಡಿ ವಿಷಯ ಬಿಡಿ. ಅದನ್ನ ತಿದ್ತೀನಿ. ಎರಡು ತಿಂಗಳು ಯಾಕೆ ಬರ್ಲಿಲ್ಲ?"

"ರಿಸಲ್ಟ್ ಬರೋವರೆಗೂ ಸ್ಪರ್ಧಿಗಳ ಹತ್ರ ಮಾತಾಡಲ್ಲ ಅಂತ ಮಾತು ಕೊಟ್ಟಿದ್ದೆ. ನೀವೂ ಕಳಿಸೇ ಕಳಿಸ್ತೀರಿ ಅಂತ ಗೊತ್ತಿತ್ತು. ಪ್ರತಿ ಭಾನುವಾರ ಜಾವಗಲ್‌ವರೆಗೆ ಬರ್ತಿದ್ದೆ. ಅಲ್ಲೊಂದು ಟೀ ಕುಡಿದು ವಾಪಸ್."

"ಅಲ್ಲಿ ಹಾಗೆ ಕೂತ್ಕೊಂಡು ಏನು ಮಾಡ್ತಿದ್ರಿ?"

"ಈ ಕಡೆ ಬರೋ ಬಸ್ ನೋಡ್ತಿದ್ದೆ."

ಅವಳು ಅವನ ಪಕ್ಕದಲ್ಲೇ ಕೂತಳು. ಆದರೂ ಬಿಡಲಿಲ್ಲ.

"ಮೇಡಂಗೆ ಏನೋ ಕಾರಣ ಹೇಳಿದ್ರಂತಲ್ಲ. ಷಡಕ್ಷರಪ್ಪನೋರಿಗೂ ಗೊತ್ತು. ಆ ಹಸುಗೂ ಗೊತ್ತಿರಬೇಕು. ನನಗೊಬ್ಬಳಿಗೆ ಗೊತ್ತಿಲ್ಲ! ಇದ್ಯಾವ ನ್ಯಾಯ? ಹೇಳಿ. ಅಲ್ಲಿ ಹೇಳಿದ ಹಾಗೇ ಹೇಳಿ, ಒಂದಕ್ಷರ ಬಿಡಬೇಡಿ."

ಅವನು ಕೆರೆ ನೋಡಿದ, ತನ್ನ ಚಪ್ಪಲಿ ನೋಡಿದ, ಕೊನೆಗೆ ಅವಳ ಕಣ್ಣು ನೋಡಿದ.

"ಇದು ಸಿರಿ ಬರೆದದ್ದು. ಇವರ ಬರಹದಲ್ಲಿ ನನಗೆ ತಪ್ಪು ಕಾಣಲ್ಲ. ಯಾಕಂದ್ರೆ ಇವರಂದ್ರೆ ನನಗೆ ಪ್ರಾಣ. ಒಪ್ಪಿದ್ರೆ ಮದುವೆ ಆಗ್ಬೇಕು ಅಂತಿದ್ದೀನಿ. ಇನ್ನೂ ಕೇಳಿಲ್ಲ."

ಇಷ್ಟೇ ಹೇಳಿದ. ಸಾಲುಗಳು ಎಂದಿನಂತೆ ಚಿಕ್ಕವಾಗಿದ್ದವು. ಆದರೆ ಈ ಸಲ ಎಲ್ಲವೂ ಅವಳಿಗೆ ನಾಟಿದವು.

"ಮಾತಾಡಿಸದೆ ದೂರ ಕೂತ್ರೆ ಯಾರಿಗಾದ್ರೂ ಒದೆಯೋಣ ಅನ್ಸುತ್ತೆ ರೀ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಗೌರಿ ನನ್ನ ಪರವಾಗಿ ಒದ್ದಿದೆ. ನನ್ನ ಪಾಲಿಂದು ಇನ್ನೂ ಬಾಕಿ ಇದೆ."

"ಇನ್ನೊಂದು ತೊಡೆ ಇದೆ," ಎಂದ. ಎಡಗಡೆಯ ಹುಬ್ಬು ಚೂರೇ ಚೂರು ಮೇಲೇರಿತು.

ಮಾದಿಹಳ್ಳಿಯ ಬಸ್ಸಿನ ಹಾರ್ನ್ ಕೇಳಿಸಿತು. ಸಿರಿ ಎದ್ದು ಕೈ ಚಾಚಿದಳು. ಅವನು ಹಿಡಿದುಕೊಂಡ, ಎದ್ದು ನಿಂತ ಮೇಲೂ ಬಿಡಲಿಲ್ಲ.

"ನಡೀರಿ. ಹಸು ಹತ್ರ ಹೋಗೋದು ಹೇಗೆ ಅಂತ ಕಲಿಸ್ತೀನಿ."

"ಈಗ್ಲೇನಾ?"

"ಈಗ್ಲೇ. ಕೊಟ್ಟಿಗೆ ಬಾಗಿಲಲ್ಲಿ ನಮ್ಮಮ್ಮ ಕೂತಿರ್ತಾಳೆ," ಎಂದಳು ಸಿರಿ ಅವನನ್ನು ಬಸ್ಸಿನ ಕಡೆ ಎಳೆಯುತ್ತ. "ಅವಳನ್ನ ಮೊದಲು ಮಾತಾಡಿಸಿ."